ೞಕಾರದ ಹೆಸರು: ಕನ್ನಡದ ಗಣಕಸಂಕೇತ ವ್ಯವಸ್ಥೆಯನ್ನು ಕುರಿತು ಒಂದು ವಿಮರ್ಶೆ

ಅಂತರರಾಷ್ಟ್ರೀಯ ಅಕ್ಷರಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯೂ ಒಂದು ಹೆಸರೂ ಉಂಟು. ಹಳಗನ್ನಡದ ೞಕಾರಕ್ಕೆ ಅಲ್ಲಿ ದೊರೆತಿರುವ ಸಂಖ್ಯೆ 3294. ಹೆಸರು 'ಕನ್ನಡ ಲೆಟರ್ ಎಫ್‌ಎ', ಅಂದರೆ 'ಕನ್ನಡದ ಫ಼ಕಾರ'. ಕೇಶಿರಾಜನು 13ನೆಯ ಶತಮಾನದಲ್ಲಿ ರೞ, ಕುಳ, ಕ್ಷಳವೆಂದು ಮೂರು ಬಗೆಯಾಗಿ ವಿಂಗಡಿಸಿ, ರೞವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕಾಪಾಡಿಕೊಟ್ಟ ಅಕ್ಷರವಿದು. ಅದಕ್ಕೂ ಪಾರಸಿ–ಇಂಗ್ಲಿಷುಗಳ ಫ಼ಕಾರಕ್ಕೂ ಉಚ್ಚಾರಣೆಯಲ್ಲಾಗಲಿ ರೂಪದಲ್ಲಾಗಲಿ ಚರಿತ್ರೆಯಲ್ಲಾಗಲಿ ಯಾವ ನಂಟೂ ಇಲ್ಲ. ಈ ಹೆಸರು ತಪ್ಪೆಂದು ವ್ಯವಸ್ಥೆಯನ್ನು ನಡೆಸುವವರೂ ಒಪ್ಪಿದ್ದಾರೆ. ತಮ್ಮ ಪಟ್ಟಿಯಲ್ಲಿಯೇ ಹಾಗೆಂದು ಟಿಪ್ಪಣಿ ಹಾಕಿದ್ದಾರೆ. ಆದರೂ ಹೆಸರು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಈ ತಪ್ಪು ಹೇಗೆ ಹುಟ್ಟಿತು, ಏಕೆ ಉಳಿಯಿತು, ಅದರ ಹಿಂದಿರುವ ಯೋಜನೆ ಎಂಥದು, ಶಾಸನಗಳನ್ನು ಓದುವವರಿಗೆ ಇದರಿಂದ ಆಗುವುದೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಚರಿತ್ರೆಯ ಅಧ್ಯಾಪಕರಿಗೆ ಗಣಕಯಂತ್ರದ ಒಳಲೆಕ್ಕ ಏಕೆ ಎಂದು ಕೇಳುವವರಿರಬಹುದು. ಬೇಗೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುವುದರಿಂದ ಪ್ರಸಿದ್ಧವಾಗಿದೆ. ಅದೇ ಊರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿರುವ ದೊಡ್ಡ ವೀರಗಲ್ಲಿನಲ್ಲಿ ಗಂಗರ ಎರೆಯಪ್ಪನ ಕಡೆಯ ನಾಗತ್ತರನು ವೀರಮಹೇಂದ್ರನ ಸೇನೆಯೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದುದೂ, ಬಳಿಕ ಇರುಗನಿಗೆ ಬೆಂಪೂರು ಹನ್ನೆರಡು ದೊರೆತುದೂ ಹೇಳಿದೆ. ಈ ಬೆಂಪೂರೇ ಇಂದಿನ ಬೇಗೂರು. ಕಲ್ಲು ಒಂದು ಕಡೆಯಿಂದ ಮತ್ತೊಂದು ಕಡೆಗೆ ಹೋದಾಗ ಅಕ್ಷರ ಕೆಡಲಿಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚುಮಾಡಿಸಿದಾಗ ಕಲ್ಲಿನ ಪಾಠ ಕಾಗದಕ್ಕೆ ಬಂದಿತು. ಈಗ ಅದು ಮೂರನೆಯ ನೆಲೆಗೆ ಹೋಗುತ್ತಿದೆ. ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಸುತ್ತಲ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಲ್ಲಿ ತೆಗೆದಿಡುತ್ತಿದೆ. ನಮ್ಮ ವಿದ್ಯಾರ್ಥಿಗಳಂತೂ ಪಾಠಗಳನ್ನು ಬೆರಳಚ್ಚಿನಲ್ಲಿಯೇ ಸಿದ್ಧಪಡಿಸುತ್ತಾರೆ. ಈ ಮೂರನೆಯ ನೆಲೆಯಲ್ಲಿ ಅಕ್ಷರವೆಂದರೆ ಸಂಖ್ಯೆ. ಆ ಸಂಖ್ಯೆಗಳನ್ನು ಯಾರು, ಯಾವ ವಿಚಾರದಿಂದ ಹಂಚಿದರೆಂಬುದನ್ನು ಅರಿಯದೆ ಪಾಠಸಂಪಾದನೆ ಮಾಡುವುದು, ಅಚ್ಚುಮೊಳೆಗಳ ಪೆಟ್ಟಿಗೆಯನ್ನು ನೋಡದೆ ಅಚ್ಚುಕೂಟ ನಡೆಸಿದಂತೆ.

ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ ಮೀಸಲಾದ ಅಂಕಣ 3200ರಿಂದ 3327ರವರೆಗೆ, ಒಟ್ಟು 128 ಮನೆಗಳು. ಕಕಾರ 3221ರಲ್ಲಿದೆ. ತೆಲುಗಿನ ಅಂಕಣ ಇದಕ್ಕೆ ಸರಿಯಾಗಿ 128 ಮನೆ ಹಿಂದಿನದು; ಅಲ್ಲಿಯ ಕಕಾರ 3093. ತಮಿಳಿನದು 2965, ದೇವನಾಗರಿಯದು 2325. ಯಾವ ಲಿಪಿಯನ್ನು ನೋಡಿದರೂ ಅಂಕಣದ ಆರಂಭದಿಂದ ಇಪ್ಪತ್ತೊಂದು ಮನೆ ದಾಟಿದ ಕಡೆ ಕಕಾರ ಸಿಕ್ಕುತ್ತದೆ. ಇದು ಆಕಸ್ಮಿಕವಲ್ಲ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1980ರ ದಶಕದಲ್ಲಿ ರೂಪಿಸಿ, ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿದ 'ಇಸ್ಕಿ' ಎಂಬ ಸಂಕೇತದ ಮೂಲತತ್ತ್ವವೇ ಇದು. ಬ್ರಾಹ್ಮಿಯಿಂದ ಇಳಿದುಬಂದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಬೇರೆ ಬೇರೆ ವೇಷಗಳು; ಆದುದರಿಂದ ಎಲ್ಲಕ್ಕೂ ಸೇರಿ ಒಂದೇ ಸಂಖ್ಯಾಪಟ್ಟಿ ಸಾಕು; ಯಂತ್ರಕ್ಕೆ 'ಈಗ ಕನ್ನಡ', 'ಈಗ ತಮಿಳು' ಎಂದು ಆಜ್ಞೆಯಿತ್ತರೆ ಅದೇ ಸಂಖ್ಯೆ ಬೇರೆ ರೂಪದಲ್ಲಿ ಮೂಡುತ್ತದೆ, ಎಂಬುದು ಆ ಯೋಜನೆ. ಯೂನಿಕೋಡಿನವರು ಲಿಪಿಗಳಿಗೆ ಬೇರೆ ಬೇರೆ ಅಂಕಣಗಳನ್ನು ಕೊಟ್ಟರಾದರೂ, ಅಂಕಣದೊಳಗಿನ ಜೋಡಣೆಯನ್ನು ಇಸ್ಕಿಯ 1988ರ ರೂಪದಿಂದ ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಂಡರು.

ಯೋಜನೆಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಕನ್ನಡ ಪಾಠದ ಪ್ರತಿ ಸಂಖ್ಯೆಯಿಂದ 128ನ್ನು ಕಳೆದರೆ ತೆಲುಗು ಲಿಪಿಯ ಪಾಠ ಬಹುಮಟ್ಟಿಗೆ ತಾನಾಗಿಯೇ ಸಿದ್ಧವಾಗುತ್ತದೆ. ಒಂದು ಕಾಲಕ್ಕೆ ಒಂದೇ ಆಗಿದ್ದ ಎರಡು ಲಿಪಿಗಳ ನಡುವೆ ಇಷ್ಟು ಸುಲಭವಾದ ಸೇತುವೆಯನ್ನು ಯಾವ ಪಂಡಿತನೂ ಕಟ್ಟಿರಲಿಲ್ಲ. ದಕ್ಷಿಣದ ಭಾಷೆಗಳನ್ನು ಉತ್ತರದ ಅಚ್ಚಿಗೆ ಒತ್ತಿದರೆಂಬ ದೂರು ಆಗಾಗ ಕೇಳಿಬರುವುದುಂಟು; ಅದು ಪೂರ್ಣ ಸತ್ಯವಲ್ಲ. ಹ್ರಸ್ವ ಎಕಾರ ಒಕಾರಗಳಿಗೂ ಱಕಾರಕ್ಕೂ ತಮಿಳು–ಮಲಯಾಳಗಳ ೞಕಾರಕ್ಕೂ ಆ ಸಮಾನ ಪಟ್ಟಿಯಲ್ಲಿ ಸ್ಥಳವಿತ್ತು. ಅವು ತನಗೆ ಬೇಡವಾಗಿದ್ದರೂ ದೇವನಾಗರಿ ತನ್ನ ಅಂಕಣದಲ್ಲಿ ಅವಕ್ಕೆ ಮನೆ ಬಿಟ್ಟುಕೊಟ್ಟಿತು. ದೇವನಾಗರಿಯಲ್ಲಿ ೞಕಾರದ ಮನೆ ಆರಂಭದಿಂದ 52ನೆಯ ಅಂತರದಲ್ಲಿದೆ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಅಷ್ಟೇ ಅಂತರ. ಆ ಲೆಕ್ಕದಂತೆ ಕನ್ನಡದ ೞಕಾರ ಇರಬೇಕಾದುದು 3252ರಲ್ಲಿ. ಅಲ್ಲಿ ನೋಡಿದರೆ ಮನೆ ಖಾಲಿ. ಎಡಗಡೆ 3251ರಲ್ಲಿ ಳಕಾರ, ಬಲಗಡೆ 3253ರಲ್ಲಿ ವಕಾರ; ನಡುವೆ ಯಾರೂ ಇಲ್ಲ.

ಹಾಗಾದರೆ ೞಕಾರ 3294ಕ್ಕೆ ಹೋದುದು ಹೇಗೆ? ಅಂಕಣದ ಆರಂಭದಿಂದ ಅದರ ಅಂತರ 94. ದೇವನಾಗರಿಯಲ್ಲಿ ಅದೇ ಅಂತರದ ಮನೆ 2398. ಅಲ್ಲಿರುವುದು ಫಕಾರದ ಕೆಳಗೆ ಚುಕ್ಕೆಯಿಟ್ಟು ಬರೆಯುವ ಫ಼. ಗುರುಮುಖಿಯಲ್ಲಿಯೂ ಅದೇ ಅಂತರದಲ್ಲಿ ಫ಼ಕಾರವಿದೆ. ಇಷ್ಟರಿಂದ ನಮಗೆ ತೋರುವುದೇನೆಂದರೆ, ಮನೆಯ ಹೆಸರು ದೇವನಾಗರಿಯ ಪಟ್ಟಿಯಿಂದಲೂ ಮನೆಯೊಳಗಿನ ಚಿತ್ರ ಕನ್ನಡದ ಯಾವುದೋ ಅಕ್ಷರಪಟ್ಟಿಯಿಂದಲೂ ಬಂದು, ಎರಡನ್ನೂ ಒಟ್ಟಿಗೆ ಓದಬಲ್ಲ ಕನ್ನಡಿಗನೊಬ್ಬನ ಕಣ್ಣಿಗೆ ಬೀಳದೆ ಹೋಗಿರಬೇಕು. ಇದು ಊಹೆ; ಆದರೆ ಸಂಖ್ಯೆಗಳ ಹೊಂದಾಣಿಕೆ ಬೇರೆ ಯಾವ ವಿವರಣೆಗೂ ಎಡೆಕೊಡುವಂತೆ ಕಾಣುವುದಿಲ್ಲ. ಹೋಲಿಕೆಗಾಗಿ ಇನ್ನೊಂದು ಸಂಗತಿ: ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟಾಗ ೞಕಾರಕ್ಕೂ ಱಕಾರಕ್ಕೂ ಮೊಳೆಗಳು ಸಿದ್ಧವಾಗಿದ್ದುವು, ಅವುಗಳ ಹೆಸರಿನಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಸೀಸದ ಮೊಳೆ ಹೊಯ್ದವನಿಗಿದ್ದ ಎಚ್ಚರ ನೂರು ವರ್ಷದ ಬಳಿಕ ಸಂಖ್ಯೆ ಹಂಚಿದವರಿಗೆ ಇರಲಿಲ್ಲ.

ಇದರ ಜೊತೆಗೆ ತೆಲುಗಿನ ಕಥೆಯನ್ನು ನೋಡಬೇಕು. ತೆಲುಗಿನ ಪ್ರಾಚೀನ ಶಾಸನಗಳಲ್ಲಿ ಬರುವ ೞಕಾರಕ್ಕೆ 2014ರವರೆಗೆ ಸಂಖ್ಯೆಯೇ ಇರಲಿಲ್ಲ. ಆ ವರ್ಷದ ಏಳನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿದಾಗ 52ನೆಯ ಅಂತರದ ಸರಿಯಾದ ಮನೆಯಲ್ಲಿಯೇ, ಸರಿಯಾದ ಹೆಸರಿನೊಡನೆಯೇ ಕೂರಿಸಿದರು. ತಡವಾಗಿ ಬಂದವನಿಗೆ ಎಲೆ ನೆಟ್ಟಗೆ ಬಿತ್ತು. ಮೊದಲ ಪಂಕ್ತಿಯಲ್ಲಿ ಕುಳಿತ ಕನ್ನಡಕ್ಕೆ ಬೇರೆಯವರ ಎಲೆ. ಇದರ ಪರಿಣಾಮ, 128ನ್ನು ಕಳೆದು ಕನ್ನಡವನ್ನು ತೆಲುಗಾಗಿಸುವ ಆ ಸುಂದರ ಸೂತ್ರ ಸರಿಯಾಗಿ ೞಕಾರದಲ್ಲಿ ಮುರಿಯುತ್ತದೆ. ಎರಡು ಲಿಪಿಗಳೂ ಒಂದಾಗಿದ್ದ ಕಾಲದ ಶಾಸನಗಳಲ್ಲಿಯೇ ಆ ಅಕ್ಷರ ಹೆಚ್ಚಾಗಿ ಬರುವುದು.

ತಪ್ಪನ್ನು ತಿದ್ದಬಾರದೆ? ಯೂನಿಕೋಡಿನವರ ಉತ್ತರ ಸ್ಪಷ್ಟವಾಗಿದೆ. 1996ರ ಎರಡನೆಯ ಆವೃತ್ತಿಯಿಂದ ಈಚೆಗೆ ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವುದಿಲ್ಲವೆಂಬುದೂ, ಒಮ್ಮೆ ಕೂರಿಸಿದ ಅಕ್ಷರವನ್ನು ಎಬ್ಬಿಸುವುದಿಲ್ಲವೆಂಬುದೂ ಅವರ ಕಟ್ಟುಪಾಡು. ಲೋಕದ ಎಷ್ಟೋ ಯಂತ್ರಗಳು ಆ ಸಂಖ್ಯೆಗಳನ್ನೂ ಹೆಸರುಗಳನ್ನೂ ನಂಬಿ ಕೆಲಸಮಾಡುತ್ತಿವೆ. ಇಂದು ಒಂದನ್ನು ತಿದ್ದಿದರೆ ನಿನ್ನೆ ಬರೆದಿಟ್ಟುದು ನಾಳೆ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಆದುದರಿಂದ ಹೆಸರನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ತಿದ್ದುಪಡಿಯ ಉಪನಾಮವೊಂದನ್ನು ಸೇರಿಸಿದ್ದಾರೆ. ಈ ವಾದವನ್ನು ಚರಿತ್ರಕಾರರು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾವೂ ಶಾಸನದಲ್ಲಿ ಕಂಡರಿಸಿದವನ ತಪ್ಪನ್ನು ಕಲ್ಲಿನ ಮೇಲೆ ತಿದ್ದುವುದಿಲ್ಲ. ಮೂಲವನ್ನು ಹಾಗೆಯೇ ಕೊಟ್ಟು ಅಡಿಟಿಪ್ಪಣಿಯಲ್ಲಿ 'ಹೀಗೆ ಓದಿಕೊಳ್ಳಿ' ಎನ್ನುತ್ತೇವೆ. ಆ ಮಟ್ಟಿಗೆ ಅವರ ನಡವಳಿಕೆ ಸಂಪಾದಕನ ನಡವಳಿಕೆಯೇ. ನಮ್ಮ ಆಕ್ಷೇಪವಿರುವುದು ಬೇರೆ ಕಡೆ. 'ಹೆಸರು ಬರಿಯ ಗುರುತು, ಬಳಸುವವರಿಗೆ ಕಾಣುವುದೇ ಇಲ್ಲ, ಅದರಿಂದ ಹಾನಿಯಿಲ್ಲ' ಎಂಬ ಸಮಾಧಾನವನ್ನು ನಾವು ಒಪ್ಪಲಾರೆವು. ಕನ್ನಡ ಬಾರದ ಅಕ್ಷರವಿನ್ಯಾಸಕನಿಗೆ ಮೊದಲು ಸಿಕ್ಕುವುದು ಆ ಹೆಸರೇ. ಪೈಥಾನ್ ಎಂಬ ಕ್ರಮವಿಧಿ ಭಾಷೆಗೆ ಈ ಅಕ್ಷರವನ್ನು ಕೊಟ್ಟು 'ಇದರ ಹೆಸರೇನು' ಎಂದು ಕೇಳಿದರೆ ಇಂದಿಗೂ ಫ಼ಕಾರವೆಂದೇ ಉತ್ತರ ಬರುತ್ತದೆ. ನಿಜವಾದ ಫ಼ಕಾರವನ್ನು ಬರೆಯಲು ಬೇಕಾದ ಚುಕ್ಕೆ, ಅಂದರೆ ನುಕ್ತಾ, ಕನ್ನಡದ ಅಂಕಣಕ್ಕೆ 2003ರಲ್ಲಿ ಬೇರೆಯಾಗಿಯೇ ಬಂದಿತು. ಹೀಗೆ ಈಗ ಕನ್ನಡದಲ್ಲಿ ಫ಼ಕಾರವೆಂದು ಹೆಸರಿರುವುದು ಫ಼ಕಾರವಲ್ಲ; ಫ಼ಕಾರವಾಗಿರುವುದಕ್ಕೆ ಸ್ವಂತ ಹೆಸರಿಲ್ಲ.

ಹಾನಿಯ ಮಾತಿಗೆ ಬರೋಣ. ಹಳಗನ್ನಡದಲ್ಲಿ 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ. 'ಆಳ್' ಎಂದರೆ ಆಳುವುದು, 'ಆೞ್' ಎಂದರೆ ಮುಳುಗುವುದು. ವೀರಗಲ್ಲುಗಳನ್ನು ಓದುವವರಿಗೆ ಈ ಭೇದ ವಿಲಾಸದ ವಸ್ತುವಲ್ಲ. ಬೆರಳಚ್ಚು ಮಾಡುವವನು ಕೀಲಿಮಣೆಯಲ್ಲಿ ೞಕಾರ ಸುಲಭವಾಗಿ ಸಿಕ್ಕಲಿಲ್ಲವೆಂದು ಎಲ್ಲ ಕಡೆಗೂ ಳಕಾರವನ್ನೇ ಒತ್ತಿದನೆಂದರೆ, ಬದುಕನ್ನು ಹುಡುಕಿದ ಯಂತ್ರ ಕತ್ತಿಗಳನ್ನು ತಂದು ಮುಂದಿಡುತ್ತದೆ. ಮತ್ತೊಬ್ಬನು ೞಕಾರವನ್ನು ಸರಿಯಾಗಿ ಒತ್ತಿದನೆಂದರೆ, ಳಕಾರದಿಂದ ಹುಡುಕುವವನಿಗೆ ಆ ಪಾಠ ಇಲ್ಲವೇ ಇಲ್ಲ. ಇವೆರಡಕ್ಕಿಂತ ಗಂಭೀರವಾದುದು ಕಾಲನಿರ್ಣಯದ ಪ್ರಶ್ನೆ. ಭೂದಾನದ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಶಬ್ದ 'ಗೞ್ದೆ'. ಅದು 'ಗರ್ದೆ'ಯಾಗಿ, ಮುಂದೆ 'ಗದ್ದೆ'ಯಾಯಿತು. ತೇದಿಯಿಲ್ಲದ ಶಾಸನಕ್ಕೆ ಕಾಲವನ್ನು ಊಹಿಸುವಾಗ ಲಿಪಿಯ ಜೊತೆಗೆ ಇಂಥ ರೂಪಗಳನ್ನೇ ನಾವು ಆಧಾರವಾಗಿ ಹಿಡಿಯುವುದು. ಬೆರಳಚ್ಚಿನಲ್ಲಿ 'ಗಳ್ದೆ' ಎಂಬ ನಾಲ್ಕನೆಯ ರೂಪವೊಂದು ಹುಟ್ಟಿದರೆ, ಅದು ಕಲ್ಲಿನಲ್ಲಿದ್ದ ರೂಪವೋ ಯಂತ್ರದ ಮುಂದೆ ಕುಳಿತವನ ರೂಪವೋ ಎಂದು ಐವತ್ತು ವರ್ಷದ ಬಳಿಕ ನಿರ್ಣಯಿಸುವವರು ಯಾರು? ಊರ ಸುತ್ತಲಿನ ಕಲ್ಲುಗಳು ಬಡಾವಣೆಗಳ ಪಾಯದೊಳಗೆ ಸೇರಿ ಹೋಗುತ್ತಿರುವ ದಕ್ಷಿಣ ಬೆಂಗಳೂರಿನಂಥ ಕಡೆ, ಮತ್ತೆ ಹೋಗಿ ಮೂಲವನ್ನು ನೋಡಿಬರುತ್ತೇವೆಂಬ ಧೈರ್ಯ ನಮಗಿಲ್ಲ.

ವರ್ಣಕ್ರಮದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಬಳಿಕ ಬರುತ್ತದೆ. ಸಂಖ್ಯಾಪಟ್ಟಿಯಲ್ಲಿ ಲಕಾರದ ಬೆನ್ನಿಗೇ ಇದೆ. ಆದುದರಿಂದ ಬರಿಯ ಸಂಖ್ಯೆಯನ್ನು ನೋಡಿ ಜೋಡಿಸುವ ಯಂತ್ರ 'ಕವಿ', 'ಕಹಿ'ಗಳಿಗಿಂತ ಮೊದಲೇ 'ಕಳ'ವನ್ನು ತರುತ್ತದೆ. ಇದು ಮರಾಠಿಯ ಕ್ರಮವೂ ಅಲ್ಲ, ಮಲಯಾಳದ ಕ್ರಮವೂ ಅಲ್ಲ. ಧ್ವನಿಸಾಮ್ಯವನ್ನು ನೋಡಿ ನೆರೆಹೊರೆ ಮಾಡಿದ ಕ್ರಮ. ಅಕಾರಾದಿಗೆ ಬೇರೆ ನಿಯಮಾವಳಿಯನ್ನು ಯೂನಿಕೋಡಿನವರೇ ಒದಗಿಸಿರುವುದರಿಂದ ಇದನ್ನು ದೋಷವೆನ್ನುವುದಕ್ಕಿಂತ ಎಚ್ಚರಿಕೆಯ ಸ್ಥಳವೆನ್ನುವುದು ಯುಕ್ತ.

ನಿಜವಾದ ತಾತ್ತ್ವಿಕ ವಿರೋಧ ಇನ್ನೊಂದು ಕಡೆ ಇದೆ. ಈ ವ್ಯವಸ್ಥೆಯ ಹೆಗ್ಗಳಿಕೆಯೆಂದರೆ ಅದು ಬರೆಯುವ ಆಕಾರವನ್ನಲ್ಲ, ನುಡಿಯುವ ಕ್ರಮವನ್ನು ಕಾಪಾಡುತ್ತದೆ ಎಂಬುದು. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಯಕಾರದ ಬಲಕ್ಕೆ ಕಂಡರೂ, ಒಳಗೆ ರೇಫ ಮೊದಲು, ಬಳಿಕ ವಿರಾಮ, ಆಮೇಲೆ ಯಕಾರ. ಇದು ಶುದ್ಧ ವ್ಯಾಕರಣದೃಷ್ಟಿ. ಕೇಶಿರಾಜನು ಕಂಡರೂ ತಲೆದೂಗುವಂಥದು. ಕನ್ನಡದ ಗಣಕೀಕರಣದ ಆರಂಭದ ವರ್ಷಗಳಲ್ಲಿ ಒಂದೊಂದು ತಂತ್ರಾಂಶವೂ ಅಕ್ಷರದ ತುಂಡುಗಳಿಗೆ ತನಗೆ ತೋಚಿದ ಸಂಖ್ಯೆ ಕೊಟ್ಟುಕೊಂಡು, ಒಬ್ಬರು ಬರೆದುದನ್ನು ಇನ್ನೊಬ್ಬರು ಓದಲಾಗದೆ ಪಟ್ಟ ಪಾಡನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಇದೇ ಧ್ವನಿತತ್ತ್ವವನ್ನು ನೆಮ್ಮಿತು: ಬೆರಳು ಒತ್ತುವುದು ತುಂಡುಗಳನ್ನಲ್ಲ, ವರ್ಣಗಳನ್ನು. ಆದರೆ ಸ್ವರಚಿಹ್ನೆಗಳಿಗೆ ಬಂದಾಗ ಯೂನಿಕೋಡ್ ಈ ತತ್ತ್ವವನ್ನು ಕೈಬಿಟ್ಟಿದೆ. ಓಕಾರದ ಚಿಹ್ನೆಗೆ ಸ್ವಂತ ಸಂಖ್ಯೆಯೊಂದಿದ್ದರೂ, ಅದು ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂಬ ಮೂರು ತುಂಡುಗಳಿಗೆ ಸಮಾನವೆಂದು ಹೇಳಿದೆ. ಓಕಾರದಲ್ಲಿ ಎಕಾರವಾಗಲಿ ಊಕಾರವಾಗಲಿ ಧ್ವನಿಯಾಗಿ ಇಲ್ಲ. ಇದು ಲೇಖನಿಯ ಲೆಕ್ಕ, ನಾಲಗೆಯದಲ್ಲ. ವ್ಯಂಜನಕ್ಕೆ ವೈಯಾಕರಣನನ್ನೂ ಸ್ವರಕ್ಕೆ ಮೊಳೆ ಜೋಡಿಸುವವನನ್ನೂ ಕೇಳಿದಂತಾಯಿತು.

ಇದರ ವಿಚಿತ್ರ ಫಲವನ್ನು ಪೈಥಾನಿನಲ್ಲಿಯೇ ಕಾಣಬಹುದು. 2008ರ ಮೂರನೆಯ ಆವೃತ್ತಿಯಿಂದ ಅದರಲ್ಲಿ ಕನ್ನಡ ಶಬ್ದಗಳನ್ನು ಹೆಸರುಗಳಾಗಿ ಬಳಸಲು ಅವಕಾಶವಿದೆ. 'ಕೋಟೆ' ಎಂಬ ಹೆಸರನ್ನು ಇಡಿಯ ಓಕಾರದಿಂದ ಬರೆಯಿರಿ, ಇಲ್ಲವೆ ಮೂರು ತುಂಡುಗಳಿಂದ ಬರೆಯಿರಿ. ಹೆಸರಾಗಿ ಬಳಸಿದಾಗ ಯಂತ್ರ ಎರಡನ್ನೂ ಒಂದೇ ಎಂದು ಗಣಿಸುತ್ತದೆ. ಅದೇ ಎರಡು ರೂಪಗಳನ್ನು ಉದ್ಧರಣ ಚಿಹ್ನೆಯೊಳಗೆ ಪಾಠವಾಗಿಟ್ಟು 'ಇವು ಸಮವೆ' ಎಂದು ಕೇಳಿದರೆ, ಅಲ್ಲವೆನ್ನುತ್ತದೆ. ಕಾರಣ ಇಷ್ಟೆ: ಹೆಸರುಗಳನ್ನು ಓದುವಾಗ ಅದು ಮೊದಲು ಏಕರೂಪಕ್ಕೆ ತರುತ್ತದೆ, ಪಾಠವನ್ನು ಬರೆದವನ ಸೊತ್ತೆಂದು ಮುಟ್ಟದೆ ಬಿಡುತ್ತದೆ. ಎರಡು ನಿರ್ಧಾರಗಳೂ ಬೇರೆ ಬೇರೆಯಾಗಿ ಸಮರ್ಥನೀಯವೇ. ಪಾಠಸಂಪಾದಕನು ಮಾತ್ರ ಈ ಎರಡರ ನಡುವಿನ ಸಂದಿಯನ್ನು ತಿಳಿದಿರಬೇಕು.

ಅರ್ಕಾವೊತ್ತಿನಲ್ಲಿಯೂ ಇಂಥದೇ ತೊಡಕು. ರೇಫವನ್ನು ಮುಂದೆ ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿಸುವ 'ಸೂರ‍್ಯ' ಎಂಬ ರೂಪವೂ ನಮ್ಮಲ್ಲಿ ರೂಢಿಯಲ್ಲಿದೆ. ನುಡಿಗೆ ಎರಡೂ ಒಂದೇ. ಎರಡನೆಯ ರೂಪ ಬೇಕಾದರೆ ರೇಫಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಬೆಸುಗೆಯ ಸಂಕೇತವೊಂದನ್ನು ಸೇರಿಸಬೇಕು. ಆ ಅದೃಶ್ಯ ಸಂಕೇತವಿರುವ ಶಬ್ದವನ್ನು ಪೈಥಾನ್ ಹೆಸರಾಗಿ ಒಪ್ಪುವುದಿಲ್ಲ. ಸರಳವಾದ ಹುಡುಕಾಟದಲ್ಲಿ ಅದು 'ಸೂರ್ಯ'ಕ್ಕೆ ಸಿಕ್ಕುವುದೂ ಇಲ್ಲ. ಕಲ್ಲಿನ ರೂಪವನ್ನು ಯಥಾವತ್ತಾಗಿ ಕೊಡಬೇಕೆನ್ನುವ ಸಂಪಾದಕನು ಹುಡುಕಾಟವನ್ನು ಕಳೆದುಕೊಳ್ಳಬೇಕು. ಹುಡುಕಾಟ ಬೇಕೆನ್ನುವವನು ರೂಪವನ್ನು ಬಿಟ್ಟುಕೊಡಬೇಕು. ಇಲ್ಲಿ ನಾವು ಹುಡುಕಾಟದ ಪಕ್ಷ. ರೂಪಕ್ಕೆ ಛಾಯಾಚಿತ್ರವಿದೆ.

ದೀರ್ಘದ ಗುರುತಿನಲ್ಲಿ ಹಾಗೆ ಸುಲಭವಾಗಿ ಪಕ್ಷ ವಹಿಸಲಾಗದು. ಪ್ರಾಚೀನ ಶಾಸನಗಳಲ್ಲಿ ಎಕಾರ–ಏಕಾರಗಳಿಗೂ ಒಕಾರ–ಓಕಾರಗಳಿಗೂ ಬರಹದಲ್ಲಿ ಸಾಮಾನ್ಯವಾಗಿ ಭೇದವಿಲ್ಲ. ಓದುಗನು ಅರ್ಥವನ್ನು ನೋಡಿ ಹ್ರಸ್ವವನ್ನೋ ದೀರ್ಘವನ್ನೋ ಹಿಡಿಯಬೇಕು. ಸಂಕೇತದಲ್ಲಾದರೋ ಇವು ಬೇರೆ ಬೇರೆ ಸಂಖ್ಯೆಗಳು. 'ಎರಡರಲ್ಲಿ ಯಾವುದೋ ಒಂದು' ಎಂದು ಬರೆಯಲು ಮನೆಯಿಲ್ಲ. ಕಲ್ಲು ಮೌನವಾಗಿರುವ ಕಡೆ ಬೆರಳಚ್ಚು ಮಾಡುವವನು ಮಾತಾಡಲೇಬೇಕು, ಹಾಗೆ ಆಡಿದ ಮಾತು ಮುಂದೆ ಕಲ್ಲಿನ ಮಾತಾಗಿಯೇ ಉದ್ಧೃತವಾಗುತ್ತದೆ. ಊರ ಹೆಸರುಗಳಲ್ಲಿ ಇದು ವಿಶೇಷವಾಗಿ ಅಪಾಯಕರ. ಬೆಂಪೂರು ಬೇಗೂರಾದ ಬಗೆಯನ್ನು ವಿಚಾರಿಸುವವನಿಗೆ ಮೊದಲ ಸ್ವರದ ಮಾತ್ರೆ ಎಷ್ಟೆಂಬುದೇ ವಿವಾದದ ತಿರುಳು. ಅಚ್ಚಿನ ಕಾಲದಲ್ಲಿಯೂ ಈ ತೊಂದರೆ ಇದ್ದಿತಲ್ಲ ಎನ್ನಬಹುದು. ಇದ್ದಿತು, ಆದರೆ ಅಚ್ಚಿನ ಪುಟವನ್ನು ಓದುವವನ ಕಣ್ಣ ಮುಂದೆ ಅಡಿಟಿಪ್ಪಣಿಯೂ ಇರುತ್ತಿತ್ತು. ಯಂತ್ರದಲ್ಲಿ ಪಾಠ ಟಿಪ್ಪಣಿಯಿಂದ ಬೇರೆಯಾಗಿ ಒಬ್ಬಂಟಿಯಾಗಿ ತಿರುಗುತ್ತದೆ.

ಸದ್ಯಕ್ಕೆ ನಮ್ಮ ವಿಭಾಗಗಳಲ್ಲಿ ಆಗಬಹುದಾದುದು ಇಷ್ಟು: ಶಾಸನಪಾಠಗಳಲ್ಲಿ ೞಕಾರಕ್ಕೆ 3294ನ್ನೂ ಱಕಾರಕ್ಕೆ 3249ನ್ನೂ ತಪ್ಪದೆ ಬಳಸುವುದು, ಳಕಾರ–ರಕಾರಗಳಿಂದ ಹುಡುಕುವವರಿಗಾಗಿ ಹೊಸಗನ್ನಡ ರೂಪವನ್ನು ಪ್ರತ್ಯೇಕ ಸಾಲಿನಲ್ಲಿ ಕೊಡುವುದು, ಕಲ್ಲಿನಲ್ಲಿ ಇಲ್ಲದ ದೀರ್ಘವನ್ನು ಸಂಪಾದಕನೇ ಸೇರಿಸಿದ್ದರೆ ಅದನ್ನು ಪಾಠದೊಳಗೇ ಕಂಸದಿಂದ ಗುರುತಿಸುವುದು. ಎಂ.ಎ. ತರಗತಿಯ ಲಿಪಿಶಾಸ್ತ್ರದ ಪತ್ರಿಕೆಯಲ್ಲಿ ಬ್ರಾಹ್ಮಿಯಿಂದ ಮೋಡಿಯವರೆಗೆ ಎಲ್ಲವನ್ನೂ ಕಲಿಸುವ ನಾವು ಈ 128 ಮನೆಗಳ ಅಂಕಣಕ್ಕೆ ಎರಡು ಗಂಟೆಯನ್ನಾದರೂ ಕೊಡಬಹುದು.

ವ್ಯವಸ್ಥೆ ಕಿವಿಗೊಡುವುದಿಲ್ಲವೆಂದು ನಿರಾಶರಾಗುವ ಕಾರಣವೂ ಇಲ್ಲ. ಕೈಬರಹದ ಪ್ರತಿಗಳಲ್ಲಿಯೂ ಹಳೆಯ ಮುದ್ರಣಗಳಲ್ಲಿಯೂ ಪದದ ಕೊನೆಯ ಸ್ವರರಹಿತ ನಕಾರಕ್ಕೆ ಬಳಸುತ್ತಿದ್ದ ನಕಾರಪೊಲ್ಲು ಎಂಬ ವಿಶೇಷ ಚಿಹ್ನೆಗೆ 2021ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಮನೆ ದೊರೆಯಿತು. ತೆಲುಗಿನ ಅದೇ ಚಿಹ್ನೆಗೂ ಜೊತೆಯಲ್ಲಿಯೇ, ಸರಿಯಾಗಿ 128ರ ಅಂತರದಲ್ಲಿ. ಆಧಾರಗಳನ್ನು ಒಟ್ಟುಗೂಡಿಸಿ ಅರ್ಜಿ ಬರೆದವರಿದ್ದುದರಿಂದ ಅದು ಆಯಿತು. 2025ರ ಹದಿನೇಳನೆಯ ಆವೃತ್ತಿಯಲ್ಲಿ ಪ್ರಾಚೀನ ಶ್ರೀಕಾರವೊಂದೂ ಎರಡು ಲಿಪಿಗಳಿಗೂ ಹಾಗೆಯೇ ಸೇರಿತು. ಕನ್ನಡದ ಅಂಕಣದಲ್ಲಿ ಆ ಶ್ರೀಕಾರ 3292, ನಕಾರಪೊಲ್ಲು 3293. ಅದರ ಮಗ್ಗುಲಲ್ಲಿ 3294ರಲ್ಲಿ, ಫ಼ಕಾರವೆಂಬ ಹೆಸರನ್ನು ಹೊತ್ತು, ರೞ.